ಕಾಂಗೋ ರೆಡ್‌ನಲ್ಲಿ ಅಂಗಿ ಅದ್ದಿದರೆ ಬಣ್ಣ ಹತ್ತುತ್ತದೆಯೇ?

"ಸರ್, ನಮ್ಮ ಲ್ಯಾಬ್‌ನಾಗ ಕಾಂಗೋ ರೆಡ್ ಬಾಟ್ಲಿ ಅದ. ಹತ್ತಿ ಬಟ್ಟಿಗಿ ಅಂತಲೇ ಮಾಡಿದ ಬಣ್ಣ ಅಂತಾರ. ಬಿಳಿ ಅಂಗಿ ಅದ್ದಿದ್ರ ಹತ್ತತದೇನ್ರಿ? ಹತ್ತತದಂದ್ರ ಅಂಗಡ್ಯಾಗ ಯಾಕ ಸಿಗಂಗಿಲ್ಲ?"

ಕಲಬುರಗಿಯಲ್ಲಿ ಬಿ.ಎಸ್‌ಸಿ. ಓದುವ ಹುಡುಗನ ಪ್ರಶ್ನೆ. ಪ್ರತಿ ವರ್ಷ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ.

ಹತ್ತುತ್ತದೆ, ಚೆನ್ನಾಗಿಯೇ ಹತ್ತುತ್ತದೆ. ಆದರೆ ಅದ್ದಬೇಡಪ್ಪ.

ಹಿಂದೆ ಹತ್ತಿಗೆ ಕೆಂಪು ಕೂರಿಸುವುದೆಂದರೆ ದೊಡ್ಡ ರಗಳೆ. ಪಟಿಕದ ನೀರಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಬಣ್ಣದ ಹಂಡೆಗೆ. 1880ರ ದಶಕದಲ್ಲಿ ಜರ್ಮನಿಯ ಪೌಲ್ ಬೋಟಿಗರ್ ತಯಾರಿಸಿದ ಈ ಬಣ್ಣಕ್ಕೆ ಅದಾವುದೂ ಬೇಡ. ಬಿಸಿನೀರು, ಒಂದಿಷ್ಟು ಉಪ್ಪು, ಅಷ್ಟೇ. ಇದರ ಅಣು ಪಟ್ಟಿಯ ಹಾಗೆ ಉದ್ದ, ಚಪ್ಪಟೆ. ಹತ್ತಿಯ ಸೆಲ್ಯುಲೋಸ್ ಸರಪಳಿಯೂ ಉದ್ದ. ಒಂದರ ಮಗ್ಗುಲಲ್ಲಿ ಇನ್ನೊಂದು ಅಂಟಿ ಮಲಗಿಬಿಡುತ್ತದೆ. 1885ರಲ್ಲಿ ಬರ್ಲಿನ್‌ನ ಆಗ್ಫಾ ಕಂಪನಿ ಇದನ್ನು ಮಾರಾಟಕ್ಕಿಟ್ಟಿತು. ಆಫ್ರಿಕಾವನ್ನು ಹಂಚಿಕೊಳ್ಳಲು ಯುರೋಪಿನವರು ಅದೇ ಊರಲ್ಲಿ ಸಭೆ ಸೇರಿದ್ದ ಕಾಲ, ಪತ್ರಿಕೆಗಳ ತುಂಬ ಕಾಂಗೋ. ಹೆಸರು ಹಾಗೆ ಬಂತು. ಆ ದೇಶಕ್ಕೂ ಬಣ್ಣಕ್ಕೂ ಬೇರೆ ನಂಟೇ ಇಲ್ಲ.

ಇದಕ್ಕೆ ಆಗದ್ದು ಹುಳಿ. ಹುಳಿ ಅಳೆಯುವ ಪಿಎಚ್ (ಇಳಿದಷ್ಟೂ ಹುಳಿ ಹೆಚ್ಚು) 5ರ ಮೇಲಿದ್ದರೆ ಕೆಂಪು, 3ಕ್ಕಿಂತ ಇಳಿದರೆ ನೀಲಿ. ಬಣ್ಣ ಹತ್ತಿದ ನೂಲಿನ ಮೇಲೆ ಒಂದು ಹನಿ ಲಿಂಬೆರಸ ಬಿಟ್ಟು ತೋರಿಸುತ್ತೇನೆ: ಬಿದ್ದಲ್ಲೇ ಕಡುನೀಲಿ ಚುಕ್ಕೆ. ಅಡುಗೆ ಸೋಡಾ ಕದಡಿದ ನೀರು ಮುಟ್ಟಿಸಿದರೆ ಮತ್ತೆ ಕೆಂಪು. ಹುಳಿ ಪುಂಡಿಪಲ್ಯ ಇಲ್ಲದೆ ರೊಟ್ಟಿ ಇಳಿಯದ ನಮ್ಮ ಊರಿಗೆ ಇಂಥ ಅಂಗಿ ಹೇಗೆ ಒಗ್ಗೀತು? ಒಗೆದಾಗ ಬಣ್ಣ ಬಿಡುವ ಚಾಳಿ ಬೇರೆ.

ಅದಾದರೂ ಸಹಿಸಬಹುದಿತ್ತು. ಈ ಅಣುವಿನ ನಡುಭಾಗವೇ ಬೆಂಜಿಡೀನ್ ಎಂಬ ರಾಸಾಯನಿಕ. ಬಣ್ಣ ಹೊಟ್ಟೆಗೆ ಹೋದರೆ ಕರುಳಿನ ಬ್ಯಾಕ್ಟೀರಿಯಾ ಅದನ್ನು ಒಡೆದು ಬೆಂಜಿಡೀನ್ ಬಿಡಿಸುತ್ತವೆ. ಅದರಿಂದ ಮೂತ್ರಕೋಶದ ಕ್ಯಾನ್ಸರ್ ಬರುತ್ತದೆಂಬುದು ಬಣ್ಣದ ಕಾರ್ಖಾನೆಗಳ ಕೂಲಿಗಳು ನರಳಿದ ಮೇಲೆ ಗೊತ್ತಾದ ಸತ್ಯ. ನಮ್ಮಲ್ಲಿ ಇಂಥ ಬಣ್ಣಗಳಿಗೆ 1990ರ ದಶಕದಲ್ಲಿ ನಿಷೇಧ ಬಿತ್ತು. ಅಂಗಡಿಯಲ್ಲಿ ಸಿಗದಿರುವುದು ಅದಕ್ಕೇ.

ಲ್ಯಾಬ್‌ನಲ್ಲಿ ಮಾತ್ರ ಅದೇ ಅಂಟುವ ಗುಣದಿಂದ ಉಳಿದುಕೊಂಡಿದೆ. ತೊಗರಿ ಕಟ್ಟಿಗೆಯನ್ನು ಕೊಳೆಸುವ ಬ್ಯಾಕ್ಟೀರಿಯಾ ಹೊಲದ ಮಣ್ಣಲ್ಲಿ ಇವೆಯೇ ಎಂದು ನೋಡಬೇಕೆನ್ನಿ. ಸೆಲ್ಯುಲೋಸ್ ಬೆರೆಸಿದ ಅಗರ್ (ಜೆಲ್ಲಿಯಂಥ ಪದಾರ್ಥ) ತಟ್ಟೆಯಲ್ಲಿ ಅವನ್ನು ಬೆಳೆಸಿ, ಕಾಂಗೋ ರೆಡ್ ಸುರಿದು, ಕಾಲು ಗಂಟೆ ಬಿಟ್ಟು ಉಪ್ಪುನೀರಲ್ಲಿ ತೊಳೆಯುತ್ತೇವೆ. ತಟ್ಟೆಯೆಲ್ಲ ಕೆಂಪು. ಸೆಲ್ಯುಲೋಸ್ ತಿಂದುಹಾಕಿದವುಗಳ ಸುತ್ತ ಮಾತ್ರ ಬಣ್ಣಕ್ಕೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಅಲ್ಲಿ ಮಸುಕಾದೊಂದು ಬಳೆ ಮೂಡುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಸರವಾಗಿಲ್ಲ.

ಆಸ್ಪತ್ರೆಗಳಲ್ಲೂ ಇದಕ್ಕೆ ಕೆಲಸವಿದೆ. ಕೆಲವು ಕಾಯಿಲೆಗಳಲ್ಲಿ ಮೂತ್ರಪಿಂಡ, ಹೃದಯಗಳಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಎಳೆಗಳು ಜಮೆಯಾಗುತ್ತವೆ. ಅವಕ್ಕೂ ಈ ಬಣ್ಣ ಅಂಟುತ್ತದೆಂದು 1922ರಲ್ಲಿ ಹರ್ಮನ್ ಬೆನ್‌ಹೋಲ್ಡ್ ತೋರಿಸಿದರು. ಧ್ರುವೀಕೃತ ಬೆಳಕಿನ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕಿನ, ಸೂಕ್ಷ್ಮದರ್ಶಕದಲ್ಲಿ ಆ ಕೆಂಪು ಬಣ್ಣವೇ ಹಸಿರು ಸೇಬಿನ ಬಣ್ಣಕ್ಕೆ ತಿರುಗಿ ಹೊಳೆಯುತ್ತದೆ. ಅಮಿಲಾಯ್ಡ್ ಹೌದೋ ಅಲ್ಲವೋ ಎಂಬುದನ್ನು ಇಂದಿಗೂ ಹೀಗೇ ಗಟ್ಟಿ ಮಾಡಿಕೊಳ್ಳುತ್ತಾರೆ.

ಪುಡಿ ತೂಗುವಾಗ ಗ್ಲೌಸ್, ಮಾಸ್ಕ್ ಎರಡೂ ಇರಲಿ. ಎಷ್ಟೇ ಸೆಕೆ ಇದ್ದರೂ ಆ ಐದು ನಿಮಿಷ ಫ್ಯಾನ್ ಬಂದ್.