ಹರಟೆಗೆ ಕತ್ತರಿ ಹಾಕುವ ಮುನ್ನ

ಎರಡು ಮಹಾಯುದ್ಧಗಳ ನಡುವಿನ ಬ್ರಿಟಿಷ್ ನಾಟಕವೊಂದನ್ನು ಕೈಗೆತ್ತಿಕೊಂಡ ಯುವ ನಿರ್ದೇಶಕರು ಸಲಹೆ ಕೇಳಲು ಬಂದಾಗ, ಅವರ ಪ್ರತಿಯಲ್ಲಿ ಕೆಂಪು ಗೆರೆಗಳು ಎಲ್ಲೆಲ್ಲಿ ಬಿದ್ದಿರುತ್ತವೆ ಎಂಬುದನ್ನು ನಾನು ಪುಟ ತೆರೆಯದೆಯೇ ಹೇಳಬಲ್ಲೆ. ಪಾತ್ರಗಳು ಪ್ರವಾಸದ ಬಗ್ಗೆ, ಊಟತಿಂಡಿಯ ಬಗ್ಗೆ ಹರಟುವ ಭಾಗವನ್ನೆಲ್ಲ ‘ಕಥೆ ಮುಂದೆ ಸಾಗುತ್ತಿಲ್ಲ’ ಎಂದು ತೆಗೆದಿರುತ್ತಾರೆ. ಆ ಜಾಗಕ್ಕೆ ಪಾತ್ರದ ಮನಸ್ಸನ್ನು ಬಿಡಿಸಿ ಹೇಳುವ ಹೊಸ ಮಾತುಗಳನ್ನು ಬರೆದು ತಂದಿರುತ್ತಾರೆ. ಈ ಉತ್ಸಾಹದ ಮೇಲೆ ನನಗೆ ಪ್ರೀತಿ ಇದೆ, ತಾಳ್ಮೆ ಮಾತ್ರ ಮುಗಿದಿದೆ.

ಆ ಕಾಲದ ಇಂಗ್ಲೆಂಡಿನಲ್ಲಿ ಸಾರ್ವಜನಿಕ ರಂಗಮಂದಿರಕ್ಕೆ ಬರುವ ಪ್ರತಿ ಹೊಸ ನಾಟಕಕ್ಕೂ ಅರಮನೆಯ ಹಿರಿಯ ಅಧಿಕಾರಿಯಾದ ಲಾರ್ಡ್ ಚೇಂಬರ್ಲೇನ್ ಅವರ ಪರವಾನಗಿ ಬೇಕಿತ್ತು. 1843ರ ಕಾಯ್ದೆಯ ಈ ಅಧಿಕಾರ 1968ರವರೆಗೂ ಉಳಿಯಿತು. ಹಸ್ತಪ್ರತಿಯನ್ನು ಮೊದಲೇ ಸಲ್ಲಿಸಬೇಕಿತ್ತು. ಪರೀಕ್ಷಕ ಆಕ್ಷೇಪಿಸಿದ ಮಾತುಗಳನ್ನು ಕೈಬಿಡಬೇಕಿತ್ತು. ಒಪ್ಪಿಗೆ ಸಿಕ್ಕ ಮೇಲೆ ನಟ ವೇದಿಕೆಯಲ್ಲಿ ತನ್ನದೊಂದು ಮಾತು ಸೇರಿಸುವಂತಿರಲಿಲ್ಲ. ಬರ್ನಾರ್ಡ್ ಷಾ 1893ರಲ್ಲೇ ಬರೆದ ‘ಮಿಸೆಸ್ ವಾರೆನ್ಸ್ ಪ್ರೊಫೆಷನ್’ ಅಲ್ಲಿನ ಸಾರ್ವಜನಿಕ ರಂಗವನ್ನು ಏರಲು 1925 ಬರಬೇಕಾಯಿತು. ನೋಯೆಲ್ ಕವರ್ಡ್‌ನ ‘ದ ವೋರ್ಟೆಕ್ಸ್’ 1924ರಲ್ಲಿ ಪಾರಾದದ್ದು, ಅದೊಂದು ನೀತಿ ಹೇಳುವ ನಾಟಕವೆಂದು ಲೇಖಕನೇ ಖುದ್ದಾಗಿ ವಾದಿಸಿದ ಬಳಿಕ. ಹೀಗಾಗಿ ಹೇಳಬಾರದ್ದನ್ನು ಹೇಳದೆಯೇ ದಾಟಿಸುವ ವಿದ್ಯೆ ನಾಟಕಕಾರರಿಗೆ ಕರಗತವಾಯಿತು, ಅದನ್ನು ಹಿಡಿಯುವ ಕಿವಿ ಪ್ರೇಕ್ಷಕರಿಗೂ ಬಂತು.

ಹಾಗೆಂದು ಎಲ್ಲ ಮೌನವನ್ನೂ ಸೆನ್ಸಾರಿನ ತಲೆಗೆ ಕಟ್ಟಬಾರದು. ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಸಂಗತಿ ಇದೇ ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ: ಲೇಖಕ ಬರೆದು ಅಧಿಕಾರಿ ಅಳಿಸಿದ ಮಾತು ಬೇರೆ, ಪಾತ್ರವೇ ನುಂಗಿಕೊಂಡ ಮಾತು ಬೇರೆ. ಮೊದಲನೆಯದನ್ನು ಮರಳಿ ತರುವ ಆಸೆಯಿದ್ದರೆ, ಪರವಾನಗಿಗೆ ಸಲ್ಲಿಸಿದ ಹಸ್ತಪ್ರತಿಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ, ಹೋಲಿಸಿ ನೋಡಬಹುದು. ಎರಡನೆಯದನ್ನು ನೀವು ಬಾಯಿಬಿಡಿಸಿದಿರೋ, ಆ ಪಾತ್ರ ಅಲ್ಲಿಗೆ ಮುಗಿಯಿತು.

ಕವರ್ಡ್‌ನ ‘ಪ್ರೈವೇಟ್ ಲೈವ್ಸ್’ (1930) ನಾಟಕದಲ್ಲಿ, ವಿಚ್ಛೇದನ ಪಡೆದು ಬೇರೆಯವರನ್ನು ಮದುವೆಯಾದ ಇಬ್ಬರು, ಮಧುಚಂದ್ರಕ್ಕೆಂದು ಬಂದ ಹೋಟೆಲಿನ ಅಕ್ಕಪಕ್ಕದ ಬಾಲ್ಕನಿಗಳಲ್ಲಿ ಎದುರಾಗುತ್ತಾರೆ. ಅವನ ಲೋಕಪರ್ಯಟನೆಯ ಮಾತು ಬರುತ್ತದೆ. ಚೀನಾ ಹೇಗಿತ್ತು, ತಾಜ್‌ಮಹಲ್ ಹೇಗಿತ್ತು ಎಂದು ಅವಳು ಕೇಳುತ್ತಾಳೆ. ತಾಜ್‌ಮಹಲಿನ ಹೆಸರು ಬಂದೊಡನೆ ನಮ್ಮ ಹುಡುಗರು ಅಭಿಮಾನದಿಂದ ಒಂದು ಕ್ಷಣ ನಿಂತುಬಿಡುತ್ತಾರೆ. ಒಬ್ಬನಂತೂ ಎರಡೂ ಕೈಗಳಿಂದ ಗಾಳಿಯಲ್ಲಿ ಗುಮ್ಮಟವನ್ನೇ ಬಿಡಿಸಿ ತೋರಿಸಿದ. ಅಲ್ಲಿ ತಾಜ್‌ಮಹಲಿಗೆ ಏನೂ ಕೆಲಸವಿಲ್ಲ. ಪ್ರೀತಿ ಇನ್ನೂ ಉಳಿದಿದೆ ಎಂದು ಒಪ್ಪಿಕೊಳ್ಳದಿರಲು ಇಬ್ಬರೂ ಕೈಗೆ ಸಿಕ್ಕ ಊರಿನ ಹೆಸರನ್ನು ಹಿಡಿದುಕೊಳ್ಳುತ್ತಿದ್ದಾರೆ. ಆ ಮಾತುಗಳು ಬೇಗಬೇಗ ಸಾಗಿ ಬರಿದಾದಾಗಲೇ ನಿಜವಾದ ಮಾತು ಬಾಯಿ ಜಾರುತ್ತದೆ. ಹರಟೆಯನ್ನು ಕತ್ತರಿಸಿದರೆ ಆ ಜಾರುವಿಕೆಗೆ ಜಾಗವೆಲ್ಲಿ?

ಮೊದಲ ಮಹಾಯುದ್ಧದ ಕಂದಕದಲ್ಲಿ ನಡೆಯುವ, ಶೆರಿಫ್‌ನ ‘ಜರ್ನೀಸ್ ಎಂಡ್’ ನಾಟಕ ಮೊದಲು ಪ್ರಯೋಗಗೊಂಡದ್ದು 1928ರ ಡಿಸೆಂಬರಿನಲ್ಲಿ. ಅದರಲ್ಲಿ, ಹಿಂದೆ ಮೇಷ್ಟರಾಗಿದ್ದ ಸೇನಾಧಿಕಾರಿ ಆಸ್ಬೋರ್ನ್, ಶಾಲೆ ಬಿಟ್ಟು ಆಗಷ್ಟೇ ಬಂದ ರಾಲಿಯ ಜೊತೆ ಶತ್ರುವಿನ ಕಂದಕದ ಮೇಲೆ ದಾಳಿಗೆ ಹೊರಡುವ ಮುನ್ನ, ಉಳಿದ ಕೆಲವೇ ನಿಮಿಷಗಳಲ್ಲಿ ಮಕ್ಕಳ ಪದ್ಯವೊಂದರ ಸಾಲು ಹೇಳುತ್ತಾನೆ, ಊರ ಕಡೆಯ ಕಾಡಿನ ಮಾತಾಡುತ್ತಾನೆ, ಉಂಗುರ ಮತ್ತು ಗಡಿಯಾರವನ್ನು ಮೇಜಿನ ಮೇಲಿಟ್ಟು ಹೊರಡುತ್ತಾನೆ. ಉಂಗುರ ತೆಗೆಯುವಾಗ ಬಿಕ್ಕಿದ ನಟರನ್ನು ನಾನು ಕಂಡಿದ್ದೇನೆ. ಅಲ್ಲಿ ಬಿಕ್ಕಿದರೆ, ಹುಡುಗನ ಮುಂದೆ ಸಾವಿನ ಸುದ್ದಿ ಎತ್ತಿದಂತೆಯೇ ಆಯಿತು. ಅಷ್ಟು ಹೊತ್ತು ಹರಟಿದ್ದು ಆ ಯೋಚನೆ ಅವನ ತಲೆಗೆ ಬಾರದಿರಲೆಂದಲ್ಲವೇ? ಸಣ್ಣ ಊರೊಂದರ ಹವ್ಯಾಸಿ ತಂಡದಲ್ಲಿ, ನಿವೃತ್ತ ಬ್ಯಾಂಕ್ ನೌಕರರೊಬ್ಬರು ಚಿಲ್ಲರೆ ಎಣಿಸಿಟ್ಟಷ್ಟೇ ಸಲೀಸಾಗಿ ಉಂಗುರವನ್ನು ಇಟ್ಟು, ಹುಡುಗನ ಕಡೆ ತಿರುಗಿ ಮಾತು ಮುಂದುವರಿಸಿದರು. ಅದಕ್ಕಿಂತ ಸರಿಯಾಗಿ ಆ ದೃಶ್ಯವನ್ನು ನಾನು ನೋಡಿಲ್ಲ.

ಇಷ್ಟಾದ ಮೇಲೂ ಮಾತು ಸೇರಿಸಲೇಬೇಕೆನ್ನುವವರಿಗೆ ಒಂದು ವ್ಯಾವಹಾರಿಕ ಎಚ್ಚರಿಕೆ ಇದೆ. ಕವರ್ಡ್ ತೀರಿಕೊಂಡದ್ದು 1973ರಲ್ಲಿ, ಶೆರಿಫ್ 1975ರಲ್ಲಿ; ಲೇಖಕರ ಮರಣದ ನಂತರವೂ 60 ವರ್ಷ ಹಕ್ಕುಸ್ವಾಮ್ಯ ಉಳಿಯುವುದು ನಮ್ಮಲ್ಲಿನ ಸಾಮಾನ್ಯ ನಿಯಮ. ಆದ್ದರಿಂದ ಪಠ್ಯ ತಿದ್ದುವ ಮುನ್ನ ಹಕ್ಕುದಾರರ ಲಿಖಿತ ಅನುಮತಿ ಪಡೆಯಿರಿ. ಹೆಚ್ಚಿನ ವಿವರವನ್ನು ನನ್ನ ಬದಲು ವಕೀಲರನ್ನು ಕೇಳುವುದು ಒಳ್ಳೆಯದು.