ವಿಮೋಚನೆ ದಿನದ ಖರ್ಚಿನ ಲೆಕ್ಕ ಎಲ್ಲಿದೆ?

ಫೆಬ್ರವರಿ 2021. ಕೋವಿಡ್ ಇನ್ನೂ ಹೋಗಿರಲಿಲ್ಲ. ಕೇಂದ್ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಗೋವಾಕ್ಕೆ 300 ಕೋಟಿ ರೂಪಾಯಿ ಘೋಷಿಸಿದರು. ಪೋರ್ಚುಗೀಸರಿಂದ ಬಿಡುಗಡೆಯಾದದ್ದರ ವಜ್ರಮಹೋತ್ಸವಕ್ಕೆ. ಆ ಹೊತ್ತಿಗಾಗಲೇ ಇಲ್ಲಿ ಜಗಳ ಶುರುವಾಗಿತ್ತು. ಪ್ರವಾಸಿಗರಿಲ್ಲ, ಹೋಟೆಲ್‌ಗಳು ಖಾಲಿ, ಜನ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದಾರೆ, ಈಗ ಕೋಟಿಗಟ್ಟಲೆ ಖರ್ಚು ಮಾಡಿ ಹಬ್ಬ ಬೇಕಾ ಅಂತ ವಿರೋಧ ಪಕ್ಷಗಳು ಕೇಳುತ್ತಿದ್ದವು.

ವಾಸ್ಕೋ, ಝುವಾರಿನಗರ, ಮಾಪ್ಸಾ ಕಡೆಯ ನಮ್ಮ ಕನ್ನಡದವರು ಇಂಥ ಜಗಳಕ್ಕೆ ಬಾಯಿ ಹಾಕುವುದು ಕಡಿಮೆ. ಹೊರಗಿನಿಂದ ಬಂದವರು ನಾವು, ನಮಗ್ಯಾಕೆ ಅನ್ನುವ ಭಾವನೆ. ಆದರೆ ಈ ಬಿಡುಗಡೆಯ ಕಥೆಯಲ್ಲಿ ನಮ್ಮ ಕಡೆಯ ಪಾಲು ಸಣ್ಣದಲ್ಲ. ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

1946ರ ಜೂನ್ 18. ಮಡಗಾಂವ್. ಗೋವಾದಲ್ಲಿ ಆಗ ಅನುಮತಿ ಇಲ್ಲದೆ ಸಭೆ ಸೇರುವಂತಿರಲಿಲ್ಲ. ರಾಮಮನೋಹರ ಲೋಹಿಯಾ ಮತ್ತು ಅವರ ಗೆಳೆಯ ಡಾಕ್ಟರ್ ಜುಲಿಯಾಂವ್ ಮೆನೆಜಿಸ್ ಸಭೆ ಕರೆದರು, ಜನ ಸೇರಿದರು, ಪೊಲೀಸರು ಇಬ್ಬರನ್ನೂ ಎತ್ತಿಕೊಂಡು ಹೋದರು. ಮರುವರ್ಷ ದೇಶಕ್ಕೆ ಸ್ವಾತಂತ್ರ್ಯ ಬಂತು, ಗೋವಾಕ್ಕೆ ಬರಲಿಲ್ಲ. 1955ರ ಆಗಸ್ಟ್ 15ರಂದು ಗಡಿ ದಾಟಿ ಬಂದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು, 20ಕ್ಕೂ ಹೆಚ್ಚು ಜನ ಸತ್ತರು.

ಅದೇ ವರ್ಷ ನವೆಂಬರ್‌ನಲ್ಲಿ ಲಿಬಿಯಾ ಲೋಬೊ ಮತ್ತು ವಾಮನ ಸರ್ದೇಸಾಯಿ ಎಂಬ ಇಬ್ಬರು ಕಾಡಿನಲ್ಲಿ ಕೂತು ಗುಪ್ತ ರೇಡಿಯೋ ಶುರು ಮಾಡಿದರು. ಮೊದಲು ಆಂಬೋಲಿ ಘಾಟಿಯಲ್ಲಿ, ಆಮೇಲೆ ನಮ್ಮ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಲ್ಲಿ. ಪೋರ್ಚುಗೀಸರು ಮುಚ್ಚಿಟ್ಟ ಸುದ್ದಿಯನ್ನೆಲ್ಲ ಗೋವಾದ ಒಳಗೆ ತಲುಪಿಸುವುದೇ ಅವರ ಕೆಲಸ. ಆರು ವರ್ಷ, ಮಳೆ, ಜಿಗಣೆ, ಹಾವು ಎಲ್ಲದರ ನಡುವೆ. 1961ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಸೇರಿದ್ದ ಸೇನೆ ಮೇಜರ್ ಜನರಲ್ ಕ್ಯಾಂಡೆತ್ ನೇತೃತ್ವದಲ್ಲಿ ಗೋವಾದ ಒಳಗೆ ನುಗ್ಗಿತು. ಕೊನೆಯವರೆಗೂ ಹೋರಾಡಿ ಸಾಯಿರಿ ಅಂತ ಲಿಸ್ಬನ್‌ನಿಂದ ಪೋರ್ಚುಗಲ್‌ನ ಸರ್ವಾಧಿಕಾರಿ ಸಲಾಜಾರ್ ಆದೇಶ ಕಳಿಸಿದ್ದರೂ ಇಲ್ಲಿನ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವ ಅದನ್ನು ಕೇಳದೆ 19ರಂದು ಶರಣಾದರು, ಪುಣ್ಯಕ್ಕೆ. 451 ವರ್ಷದ ಆಳ್ವಿಕೆ ಎರಡು ದಿನದೊಳಗೆ ಮುಗಿಯಿತು. ಆ ರೇಡಿಯೋದ ಇಬ್ಬರೂ ವಾಯುಸೇನೆಯ ವಿಮಾನದಲ್ಲಿ ಹಾರುತ್ತ ಮೇಲಿನಿಂದಲೇ ಬಿಡುಗಡೆಯ ಸುದ್ದಿ ಸಾರಿದರು. ಲಿಬಿಯಾ ಅವರಿಗೆ ಪದ್ಮಶ್ರೀ ಬಂದದ್ದು 2025ರಲ್ಲಿ. ಆಗ ಅವರಿಗೆ ನೂರು ವರ್ಷ! ಇಷ್ಟು ತಡವಾಗಿ ನೆನಪಾಯಿತಲ್ಲ ಅಂತ ಬೇಜಾರಾಗುತ್ತದೆ.

ಆಮೇಲೆ ದಿನಾಚರಣೆಗಳು ಒಂದರ ಮೇಲೊಂದು ಬಂದವು. ಜೂನ್ 18 ಕ್ರಾಂತಿ ದಿನ. ಮಹಾರಾಷ್ಟ್ರದ ಜೊತೆ ಸೇರುವುದು ಬೇಡ ಅಂತ 1967ರಲ್ಲಿ ಜನ ಮತ ಹಾಕಿದ ಜನವರಿ 16 ಅಸ್ಮಿತಾಯ್ ದಿನ. 1987ರಲ್ಲಿ ರಾಜ್ಯವಾದ ಮೇ 30. ಡಿಸೆಂಬರ್ 19ರ ವಿಮೋಚನೆ ದಿನ ಅಂತೂ ಇದ್ದೇ ಇದೆ. ಇದರ ಜೊತೆಗೆ ಇಡೀ ದೇಶದ ಎರಡು ದಿನಗಳು. ಇಷ್ಟು ಚಿಕ್ಕ ರಾಜ್ಯಕ್ಕೆ ಇದು ಸ್ವಲ್ಪ ಜಾಸ್ತಿ ಆಯ್ತು ಅಲ್ವಾ? ದಿನಗಳಿರಲಿ, ತಪ್ಪಿಲ್ಲ. ಆದರೆ ಜನ ತಾವಾಗಿ ಸೇರಿ ಕಟ್ಟಿದ ಚಳವಳಿಯ ನೆನಪು ಈಗ ಪೆಂಡಾಲು, ಸೋಫಾ, ಪತ್ರಿಕೆಯ ಪುಟ ತುಂಬ ಮಂತ್ರಿಗಳ ಫೋಟೋ ಆಗಿದೆ. ಹೋರಾಟ ಮಾಡಿದವರಿಗೆ ವೇದಿಕೆಯ ಮೇಲೆ ಒಂದು ಶಾಲು ಸಿಗುತ್ತದೆ. ಅವರ ಮಕ್ಕಳಿಗೆ ಸರ್ಕಾರಿ ಕೆಲಸ ಕೊಡುತ್ತೇವೆ ಅಂದ ಮಾತು ವರ್ಷಗಟ್ಟಲೆ ಬಾಕಿ ಉಳಿದಿತ್ತು.

ಇನ್ನು ಅರವತ್ತನೇ ವರ್ಷದ ವಿಷಯ. 2020ರ ಡಿಸೆಂಬರ್ 19ಕ್ಕೆ ರಾಷ್ಟ್ರಪತಿ ಕೋವಿಂದ್ ಪಣಜಿಗೆ ಬಂದು ವರ್ಷದ ಆಚರಣೆ ಶುರು ಮಾಡಿದರು. ಐದು ತಿಂಗಳು ಕಳೆಯುವಷ್ಟರಲ್ಲಿ, 2021ರ ಮೇನಲ್ಲಿ, ರಾಜ್ಯದ ಅತಿ ದೊಡ್ಡ ಸರ್ಕಾರಿ ಆಸ್ಪತ್ರೆ ಗೋವಾ ಮೆಡಿಕಲ್ ಕಾಲೇಜಿನಲ್ಲಿ ಆಕ್ಸಿಜನ್ ಪೂರೈಕೆ ಏರುಪೇರಾಗಿ ರಾತ್ರಿ ಹೊತ್ತು ಜನ ಸಾಯತೊಡಗಿದರು, ಕೊನೆಗೆ ಹೈಕೋರ್ಟೇ ನಡುವೆ ಬರಬೇಕಾಯಿತು. ಹಬ್ಬದ ದುಡ್ಡಿಗೂ ಆಕ್ಸಿಜನ್‌ಗೂ ನೇರ ಸಂಬಂಧ ಇಲ್ಲ, ಒಪ್ಪುತ್ತೇನೆ. ಬೇರೆ ಬೇರೆ ಬಾಬತ್ತು. ಆದರೆ ಜನ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಅವರನ್ನು ಬೈಯಲಾಗದು.

ಇನ್ನೊಂದು ಕಡೆಯೂ ಇದೆ. 2021ರ ಡಿಸೆಂಬರ್ 19ರಂದು ಪ್ರಧಾನಿ ಮೋದಿ ಬಂದಾಗ ಬರೀ ಭಾಷಣ ಆಗಲಿಲ್ಲ. ಮೆಡಿಕಲ್ ಕಾಲೇಜಿನಲ್ಲಿ 380 ಕೋಟಿಗೂ ಹೆಚ್ಚು ವೆಚ್ಚದ ಸೂಪರ್ ಸ್ಪೆಷಾಲಿಟಿ ಬ್ಲಾಕ್, ಮಡಗಾಂವ್‌ನಲ್ಲಿ ಸುಮಾರು 220 ಕೋಟಿಯ ಜಿಲ್ಲಾ ಆಸ್ಪತ್ರೆ, ಆಗ್ವಾದ ಕೋಟೆಯ ಜೈಲಿನಲ್ಲಿ ಮ್ಯೂಸಿಯಂ ಉದ್ಘಾಟನೆಯಾದವು. ದಿನಾಂಕ ಒಂದು ನಿಗದಿಯಾದರೆ ಕುಂಟುತ್ತಿದ್ದ ಕಟ್ಟಡವೂ ಮುಗಿಯುತ್ತದೆ, ಗುತ್ತಿಗೆದಾರರ ಜೊತೆ ಕೆಲಸ ಮಾಡಿದ ಯಾರಿಗೂ ಇದು ಗೊತ್ತು. ಆದರೆ ಮಡಗಾಂವ್‌ನ ಆ ಆಸ್ಪತ್ರೆ 2020ರಲ್ಲೇ ಕೋವಿಡ್ ರೋಗಿಗಳನ್ನು ಸೇರಿಸಿಕೊಂಡಿತ್ತು. ರಿಬ್ಬನ್ ಕತ್ತರಿಸಿದ್ದು ಆಮೇಲೆ!

ಕಟ್ಟಡ ಅಂದಾಗ ಕಟ್ಟುವವರ ಮಾತೂ ಬರಬೇಕು. ಗದಗ, ಬಾಗಲಕೋಟೆ, ಕೊಪ್ಪಳ, ವಿಜಯಪುರದಿಂದ ಬಂದ ನಮ್ಮ ಜನ ಬೆಳಿಗ್ಗೆ ನಾಕಾದಲ್ಲಿ ನಿಂತು ಕೆಲಸ ಹುಡುಕುತ್ತಾರೆ. ರಜೆ ಅಂದರೆ ನೌಕರಿಯವರಿಗೆ ಸಂಬಳದ ದಿನ, ದಿನಗೂಲಿಯವರಿಗೆ ಕೂಲಿ ಇಲ್ಲದ ದಿನ. ಬಸ್ಸುಗಳು ಜನರನ್ನು ತುಂಬಿಕೊಂಡು ಕಾರ್ಯಕ್ರಮಕ್ಕೆ ಹೋದರೆ ಊರಿನ ಸ್ಟಾಪ್‌ನಲ್ಲಿ ಕಾಯುವವರೂ ಇವರೇ.

ಧ್ವಜದ ಕಥೆಯೂ ಹೀಗೇ. 2022ರಲ್ಲಿ ಮನೆಮನೆಯಲ್ಲೂ ತಿರಂಗಾ ಅಂತ ಪೋಸ್ಟ್ ಆಫೀಸಿನಲ್ಲಿ 25 ರೂಪಾಯಿಗೆ ಬಾವುಟ ಮಾರಿದರು. ಅದಕ್ಕಿಂತ ಸ್ವಲ್ಪ ಮುಂಚೆ, 2021ರ ಕೊನೆಯಲ್ಲಿ, ಬಾವುಟಕ್ಕೆ ಪಾಲಿಸ್ಟರ್ ಬಟ್ಟೆ ಬಳಸಲೂ ಅದನ್ನು ಮೆಷಿನ್‌ನಲ್ಲಿ ತಯಾರಿಸಲೂ ಅನುಮತಿ ಸಿಕ್ಕಿತ್ತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಹೊಲಿಯುವ ಹೆಂಗಸರಿಗೆ, ಬಾಗಲಕೋಟೆ ಕಡೆ ನೂಲುವವರಿಗೆ ಆ ಆಗಸ್ಟ್ ಸುಗ್ಗಿಯಾಗಬೇಕಿತ್ತು. ಆದದ್ದು ಉಲ್ಟಾ, ಅವರು ಪ್ರತಿಭಟನೆಗೆ ಇಳಿದರು.

ಹಾಗಾಗಿ ನನ್ನ ಮಟ್ಟಿಗೆ ಆಚರಣೆ ಬೇಕೋ ಬೇಡವೋ ಅನ್ನುವುದು ಆಮೇಲಿನ ಮಾತು. ಬೇಕು ಅಂತಲೇ ಇಟ್ಟುಕೊಳ್ಳಿ. ಡಿಸೆಂಬರ್ 20ಕ್ಕೆ ಸರ್ಕಾರ ಒಂದು ಪುಟ ಹಾಕಲಿ: ಪೆಂಡಾಲಿಗೆ ಎಷ್ಟು, ಜಾಹೀರಾತಿಗೆ ಎಷ್ಟು, ಬಸ್ಸಿಗೆ ಎಷ್ಟು, ಹೋರಾಟಗಾರರ ಮನೆಗೆ ತಲುಪಿದ್ದು ಎಷ್ಟು. ಮಾಹಿತಿ ಹಕ್ಕಿನ ಅರ್ಜಿ ಹಿಡಿದು ಅಲೆಯದೆ ಓದಲು ಸಿಗುವಂತಿರಲಿ. ಕೊಂಕಣಿ, ಮರಾಠಿ ಜೊತೆ ಕನ್ನಡದಲ್ಲೂ ಕೊಟ್ಟರೆ ನಾಕಾದಲ್ಲಿ ನಿಲ್ಲುವವರೂ ಓದುತ್ತಾರೆ.