ವಿಡಿಯೊ ಮುಗಿದ ಮೇಲಿನ ತರಗತಿ

2021ರ ಜೂನ್ ತಿಂಗಳಲ್ಲಿ ಸುಳ್ಯ ತಾಲ್ಲೂಕಿನ ಚಿತ್ರವೊಂದು ನಾಡಿನ ಮೊಬೈಲ್‌ಗಳಲ್ಲೆಲ್ಲ ಹರಿದಾಡಿತು. ಸುರಿಯುವ ಮಳೆಯಲ್ಲಿ ರಸ್ತೆ ಬದಿಗೆ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿರುವ ಹುಡುಗಿ, ಅವಳಿಗೆ ಕೊಡೆ ಹಿಡಿದು ನಿಂತ ಅಪ್ಪ. ಅವಳು ಎಸ್ಸೆಸ್ಸೆಲ್ಸಿ ವಿದ್ಯಾರ್ಥಿನಿ. ಅದಕ್ಕೆ ಕೆಲವೇ ದಿನಗಳ ಹಿಂದೆ, ಮೇ ತಿಂಗಳಲ್ಲಿ, ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಬ್ಲೆಂಡೆಡ್ ಕಲಿಕೆಯ, ಅಂದರೆ ಆನ್‌ಲೈನ್ ಪಾಠವನ್ನೂ ತರಗತಿಯ ಪಾಠವನ್ನೂ ಬೆರೆಸಿದ ಕಲಿಕೆಯ ಕುರಿತು ಪರಿಕಲ್ಪನಾ ಟಿಪ್ಪಣಿಯೊಂದನ್ನು ಹೊರಡಿಸಿತ್ತು. ಕಾಲೇಜಿನ ಕೋರ್ಸುಗಳಲ್ಲಿ ಶೇ 40ರವರೆಗಿನ ಪಾಠ ಆನ್‌ಲೈನ್‌ನಲ್ಲಿ ನಡೆಯಲಿ, ಉಳಿದದ್ದು ತರಗತಿಯಲ್ಲಿ ಎಂಬುದು ಅದರ ಸಾರ.

ಆಗ ಎದ್ದ ಚರ್ಚೆಯೆಲ್ಲ ಮೊಬೈಲ್ ಸಿಗ್ನಲ್ಲಿನ ಸುತ್ತ ಸುತ್ತಿತು. ಅದು ನ್ಯಾಯವೇ. ಆದರೆ ಅಷ್ಟೇ ದೊಡ್ಡದಾದ ಇನ್ನೊಂದು ಪ್ರಶ್ನೆ ಬದಿಗೆ ಸರಿಯಿತು: ಆ ನಲವತ್ತನ್ನೂ ಅರವತ್ತನ್ನೂ ಒಂದಕ್ಕೊಂದು ಹೆಣೆಯುವವರು ಯಾರು, ಯಾವ ಹೊತ್ತಿನಲ್ಲಿ?

ದೂರದ ಪಾಠ, ಎದುರಿನ ಪಾಠ ಎರಡನ್ನೂ ಬೆರೆಸುವುದು ನಮಗೆ ಹೊಸದೇನಲ್ಲ. 1969ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅಂಚೆ ಶಿಕ್ಷಣ ಆರಂಭಿಸಿತು. ಪಾಠದ ಹೊತ್ತಗೆಗಳು ಅಂಚೆಯಲ್ಲಿ ಮನೆಗೆ ಬರುತ್ತಿದ್ದವು. ಜೊತೆಗೆ ಸಂಪರ್ಕ ತರಗತಿಗಳೂ ಇದ್ದವು. ಹಗಲು ಕೆಲಸ ಮಾಡಿ ರಾತ್ರಿ ಓದಿದವರು ತಮಗೆ ತಿಳಿಯದ್ದನ್ನು ಅಲ್ಲಿ ಮೇಷ್ಟ್ರ ಮುಂದಿಡಬಹುದಿತ್ತು. 1996ರಲ್ಲಿ ಇದೇ ಬೇರಿನಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಹುಟ್ಟಿತು. ಒಂಟಿಯಾಗಿ ಓದಬಲ್ಲದ್ದನ್ನು ಹೊತ್ತಗೆಗೆ ಬಿಟ್ಟು, ಮಾತಾಡಿಯೇ ಬಿಡಿಸಬೇಕಾದದ್ದನ್ನು ತರಗತಿಗೆ ಎತ್ತಿಡುವುದು ಆ ಪದ್ಧತಿಯ ಒಳ್ಳೆಯ ಗುಣ. ಎಲ್ಲ ಕಡೆ ಅದು ಹಾಗೆಯೇ ನಡೆಯಿತು ಎನ್ನಲಾರೆ, ಆದರೆ ದಾರಿ ಸರಿಯಾಗಿತ್ತು.

ಅಂಚೆ ಪಾಠದ ಬೆನ್ನಿಗೆ ಬಂದದ್ದು ಯಂತ್ರಗಳ ಸಾಲು. 1984ರ ಆಗಸ್ಟ್ 15ರಂದು ಯುಜಿಸಿ ಇನ್ಸಾಟ್ ಉಪಗ್ರಹದ ಮೂಲಕ ದೂರದರ್ಶನದಲ್ಲಿ ಕಾಲೇಜು ಪಾಠಗಳ ಪ್ರಸಾರ ಆರಂಭಿಸಿತು. ಹೆಚ್ಚಿನವು ಇಂಗ್ಲಿಷಿನಲ್ಲಿದ್ದವು, ಕನ್ನಡ ಮಾಧ್ಯಮದ ಬಿ.ಎ. ವಿದ್ಯಾರ್ಥಿಗೆ ಅವು ನೋಡಲು ಸಿಕ್ಕವೇ ಹೊರತು ಕೇಳಿ ಅರಗಿಸಿಕೊಳ್ಳಲು ಸಿಗಲಿಲ್ಲ. 2003ರಲ್ಲಿ ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ತಾಂತ್ರಿಕ ವಿಷಯಗಳ ವಿಡಿಯೊ ಪಾಠಗಳ ಎನ್‌ಪಿಟಿಇಎಲ್ ಯೋಜನೆ ಶುರು ಮಾಡಿದವು. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಅದರ ಆರಂಭಿಕ ಪಾಲುದಾರರಲ್ಲೊಂದು. 2017ರಲ್ಲಿ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ವೇದಿಕೆ ಬಂತು. ಒಂದೊಂದರಿಂದಲೂ ಉಪಕಾರವಾಗಿದೆ. ಆದರೆ ಪಾಠ ತಲುಪಿಸುವುದು ಹೇಗೆ ಎಂದು ಯೋಚಿಸಿದಷ್ಟು, ತಲುಪಿದ ಮೇಲೆ ತರಗತಿಯಲ್ಲಿ ಏನು ಮಾಡುವುದು ಎಂದು ನಾವು ಯೋಚಿಸಲಿಲ್ಲ.

ಬೆರೆಸಿದ ಕಲಿಕೆಯೇ ಮೇಲು ಎನ್ನುವವರು ಹೆಚ್ಚಾಗಿ ಎತ್ತಿ ತೋರಿಸುವುದು ಅಮೆರಿಕದ ಶಿಕ್ಷಣ ಇಲಾಖೆಯ 2009ರ ವರದಿಯನ್ನು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಅದು, ಬರೀ ತರಗತಿಯ ಪಾಠಕ್ಕಿಂತ ಬೆರೆಸಿದ ಪಾಠದಲ್ಲಿ ಫಲಿತಾಂಶ ಉತ್ತಮ ಎಂದಿತ್ತು. ಆದರೆ ಅದೇ ವರದಿಯಲ್ಲಿ ಒಂದು ಎಚ್ಚರಿಕೆಯೂ ಇದೆ. ಅಂಥ ಕೋರ್ಸುಗಳಲ್ಲಿ ವಿದ್ಯಾರ್ಥಿಗಳಿಗೆ ಹೆಚ್ಚು ಹೊತ್ತು, ಹೆಚ್ಚು ಸಾಮಗ್ರಿ ಸಿಕ್ಕಿತ್ತು. ಹಾಗಾಗಿ ಗೆಲುವು ಮಾಧ್ಯಮದ್ದೇ ಎನ್ನುವಂತಿಲ್ಲ. ಈ ಮಾತನ್ನು ನಮ್ಮ ಪ್ರತಿ ಕಾಲೇಜಿನ ಸಿಬ್ಬಂದಿ ಕೊಠಡಿಯಲ್ಲೂ ದೊಡ್ಡ ಅಕ್ಷರದಲ್ಲಿ ಬರೆದಿಡಬೇಕು.

ಹೊತ್ತಿನ ಲೆಕ್ಕಕ್ಕೆ ಬಂದರೆ ನಮ್ಮ ತೊಡಕು ಕಾಣುತ್ತದೆ. ಯುಜಿಸಿ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ. ವಿಡಿಯೊ ಮಾಡುವುದು, ಅದರ ನಡುವೆ ಪ್ರಶ್ನೆ ಕೂರಿಸುವುದು, ಯಾರು ಎಲ್ಲಿ ಎಡವಿದರೆಂದು ನೋಡಿ ಮರುದಿನದ ತರಗತಿ ರೂಪಿಸುವುದು, ಇವೆಲ್ಲ ಆ ಹದಿನಾರರ ಹೊರಗೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಂತೂ ಬೋಧನೆಯ ದೊಡ್ಡ ಪಾಲನ್ನು ಹೊತ್ತಿರುವವರು ಅತಿಥಿ ಉಪನ್ಯಾಸಕರು. ಇರುವ ಕಾರ್ಯಭಾರ ನೋಡಿಯೇ ಅವರನ್ನು ತೆಗೆದುಕೊಳ್ಳುವುದು. ಪಾಠದ ಶೇ 40 ಭಾಗ ಆನ್‌ಲೈನಿಗೆ ಹೋದರೆ ತಮ್ಮ ಗಂಟೆಗಳೇ ಹೋಗುತ್ತವೆ ಎಂದು ಅವರು ಹೆದರಿದರೆ ತಪ್ಪೇನು? ಹುದ್ದೆಗಳು ಕರಗುತ್ತವೆ ಎಂದು ಅಧ್ಯಾಪಕ ಸಂಘಟನೆಗಳು ಯುಜಿಸಿ ಟಿಪ್ಪಣಿಯನ್ನು ವಿರೋಧಿಸಿದ್ದು ಇದೇ ಕಾರಣಕ್ಕೆ. 2021ರ ಜನವರಿಯಲ್ಲೇ ರಾಜ್ಯ ಸರ್ಕಾರ ತನ್ನ ಪದವಿ ಕಾಲೇಜುಗಳಿಗೆ ಎಲ್‌ಎಂಎಸ್ ಎಂಬ ಕಲಿಕಾ ನಿರ್ವಹಣಾ ವ್ಯವಸ್ಥೆ ತಂದಿತ್ತು. ಬರಿದಾದ ಕಪಾಟಿಗಿಂತ ಅದು ಮೇಲೇ. ಆದರೆ ಸ್ಲೈಡುಗಳನ್ನು ಪೇರಿಸಿಟ್ಟ ಮಾತ್ರಕ್ಕೆ ಕೋರ್ಸು ರೂಪುಗೊಳ್ಳುವುದಿಲ್ಲ. ಕಾರ್ಯಭಾರದ ನಮೂನೆಯಲ್ಲಿ ಪಾಠ ರೂಪಿಸುವ ಹೊತ್ತಿಗೂ ಒಂದು ಕಾಲಂ ಬೇಕು, ಅದಕ್ಕೆ ಸಂಬಳವೂ ಬೇಕು.

ಹೊತ್ತು ಸಿಕ್ಕರೆ ಏನಾಗುತ್ತದೆ ಎಂಬುದನ್ನು ನಾನು ಅರ್ಥಶಾಸ್ತ್ರದ ತರಗತಿಯಲ್ಲಿ ಕಂಡಿದ್ದೇನೆ. ಬೇಡಿಕೆಯ ಸ್ಥಿತಿಸ್ಥಾಪಕತ್ವದ ಪಾಠ, ಅಂದರೆ ಬೆಲೆ ಬದಲಾದಾಗ ಕೊಳ್ಳುವ ಪ್ರಮಾಣ ಎಷ್ಟು ಬದಲಾಗುತ್ತದೆ ಎಂಬುದು. ಒಂಬತ್ತು ನಿಮಿಷದ ಕನ್ನಡ ವಿಡಿಯೊ, ಕಡಿಮೆ ಡೇಟಾ ತಿನ್ನುವಂತೆ ಚಿಕ್ಕದಾಗಿಸಿದ್ದು. ಕಾಲೇಜಿನ ವೈಫೈನಲ್ಲಿಯೇ ಎಲ್ಲರೂ ಇಳಿಸಿಕೊಂಡರು. ಫೋನಿಲ್ಲದ ಇಬ್ಬರು, ತಮ್ಮ ಗೆಳತಿಯರ ಫೋನಿನಲ್ಲಿ ನೋಡಿದರು. ಮೂರು ಸಂತೆಗಳಲ್ಲಿ ಈರುಳ್ಳಿಯ ಬೆಲೆಯನ್ನೂ ಮನೆಗೆ ತಂದ ತೂಕವನ್ನೂ ಬರೆದುಕೊಂಡು ಬರಬೇಕೆಂದು ಹೇಳಿದ್ದೆ. ತರಗತಿಯಲ್ಲಿ ನಾನು ವ್ಯಾಖ್ಯೆ ಹೇಳಲೇ ಇಲ್ಲ. ಅವರು ತಂದ ಅಂಕಿಗಳನ್ನು ಹಲಗೆಯ ಮೇಲೆ ಗುರುತಿಸುತ್ತಾ ಹೋದೆವು. ಬೆಲೆ ಏರಿದಂತೆ ಬಹುತೇಕ ಮನೆಗಳಲ್ಲಿ ತೂಕ ಇಳಿದಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳ ಚುಕ್ಕೆಗಳು ಮಾತ್ರ ಒಂದೇ ಮಟ್ಟದಲ್ಲಿ ನಿಂತಿದ್ದವು.

“ತಪ್ಪು ಬರೆದಿಲ್ಲ ಸರ್,” ಎಂದಳು. “ನಮ್ಮದು ಚಿಕ್ಕ ಹೋಟೆಲು. ಬೆಲೆ ಎಷ್ಟಾದರೂ ಪಲ್ಯಕ್ಕೆ ಈರುಳ್ಳಿ ಅಷ್ಟೇ ಬೇಕು. ನಮ್ಮನ್ನು ಯಾವ ಗೆರೆಗೆ ಸೇರಿಸುತ್ತೀರಿ?”

ಉಳಿದ ಇಪ್ಪತ್ತು ನಿಮಿಷ ಆ ಪ್ರಶ್ನೆಗೇ ಹೋಯಿತು. ನನ್ನ ವಿಡಿಯೊದಲ್ಲಿ ಇದ್ದದ್ದು ಬರೀ ಮನೆಗಳು, ಹೋಟೆಲು ಇರಲಿಲ್ಲ. ಆ ಭಾನುವಾರ ಕುಳಿತು ಅದನ್ನು ಮತ್ತೆ ಮಾಡಿದೆ.